ಕೀಮೋ ನಂತರ ಕೌಂಟ್ ಇಳಿದಾಗ: ಲೆಕ್ಕ, ಜ್ವರ, ಎಚ್ಚರ

ಕೀಮೋ ಔಷಧಿ ಬೇಗ ಬೇಗ ವಿಭಜನೆಯಾಗುವ ಜೀವಕೋಶಗಳನ್ನು ಹೊಡೆಯುತ್ತದೆ. ಕ್ಯಾನ್ಸರ್ ಕೋಶದ ಜೊತೆಗೆ, ರಕ್ತಕಣ ತಯಾರಿಸುವ ಮೂಳೆಯ ಮಜ್ಜೆಗೂ ಪೆಟ್ಟು ಬೀಳುತ್ತದೆ. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಆಯಸ್ಸು ತೀರಾ ಕಡಿಮೆ, ಹಾಗಾಗಿ ಮೊದಲು ಕುಸಿಯುವುದು ಅದೇ. ಕೆಂಪುಕಣ ಸುಮಾರು 120 ದಿನ ಬದುಕುವುದರಿಂದ ರಕ್ತಹೀನತೆ ನಿಧಾನಕ್ಕೆ ಬರುತ್ತದೆ.

ಹಲವು ಔಷಧಿಗಳಲ್ಲಿ ಕೌಂಟ್ (ರಕ್ತಕಣಗಳ ಸಂಖ್ಯೆ) ತಳ ಮುಟ್ಟುವುದು ಕೀಮೋ ಕೊಟ್ಟ 7ರಿಂದ 14ನೇ ದಿನದೊಳಗೆ. ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಗುರುತು ಹಾಕಿಡಿ.

ರಿಪೋರ್ಟಿನಲ್ಲಿ ಒಟ್ಟು ಬಿಳಿಕಣವನ್ನಷ್ಟೇ ನೋಡಿದರೆ ಸಾಲದು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಟ್ಟು 2,000 ಇದ್ದು ನ್ಯೂಟ್ರೋಫಿಲ್ ಶೇ. 20 ಇದ್ದರೆ, ನಿಜವಾದ ಕಾವಲುಪಡೆ ಬರೀ 400. 500ಕ್ಕಿಂತ ಕೆಳಗೆ ಅಂದರೆ ಸೋಂಕಿನ ಅಪಾಯ ಹೆಚ್ಚು.

ಈ ಸ್ಥಿತಿಯಲ್ಲಿ ಸೋಂಕು ತಗಲಿದರೂ ಕೀವು, ಕೆಂಪು, ಊತ ಕಾಣಿಸದೇ ಹೋಗಬಹುದು. ಕೀವು ಮಾಡುವ ಕಣಗಳೇ ಇಲ್ಲವಲ್ಲ! ಎಷ್ಟೋ ಸಲ ಜ್ವರವೊಂದೇ ಸುಳಿವು. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ (38 ಸೆಲ್ಸಿಯಸ್) ತೋರಿಸಿದರೆ, ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಚಳಿ ನಡುಕ ಬಂದರೆ ಜ್ವರ ಏರುವವರೆಗೂ ಕಾಯಬೇಡಿ. ಜನ ಸಾಮಾನ್ಯವಾಗಿ ಎಡವುವುದು ಇಲ್ಲೇ: ಮೊದಲು ಪ್ಯಾರಾಸಿಟಮಾಲ್ ನುಂಗಿ ಮಲಗುತ್ತಾರೆ. ಜ್ವರ ಮರೆಯಾಗುತ್ತದೆ, ಸೋಂಕು ರಕ್ತದಲ್ಲಿ ಹರಡುತ್ತಲೇ ಇರುತ್ತದೆ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಲೇಬಾರದು, ಎನಿಮಾವೂ ಬೇಡ.

ಉಳಿದಂತೆ ಸೋಪು ಹಚ್ಚಿ 20 ಸೆಕೆಂಡ್ ಕೈ ತೊಳೆಯುವುದು, ಮೃದು ಬ್ರಷ್, ಚೆನ್ನಾಗಿ ಬೆಂದ ಆಹಾರ. ಕೌಂಟ್ ಏರಿಸುವ ಇಂಜೆಕ್ಷನ್ ಬರೆದುಕೊಟ್ಟಿದ್ದರೆ, ಸಾಮಾನ್ಯವಾಗಿ ಅದನ್ನು ಕೀಮೋ ಮುಗಿದು 24 ಗಂಟೆ ಕಳೆದ ಮೇಲೆ ಕೊಡುತ್ತಾರೆ. ಆಮೇಲೆ ಸೊಂಟ, ಬೆನ್ನಿನ ಮೂಳೆ ನೋಯುವುದು ಸಹಜ.