ಜಾತ್ರೆಯ ಭಾಷಣ, ಒಂದು ವಿಡಿಯೋ, ಒಂದು ಪಹಣಿ

2024ರ ಜನವರಿ. ನಮ್ಮ ಕಡೆಯ ಒಂದು ಜಾತ್ರೆಯಲ್ಲಿ ಒಬ್ಬರು ಮೈಕ್ ಹಿಡಿದು, ಸಾಬರ ಅಂಗಡಿಯಲ್ಲಿ ಏನೂ ಕೊಳ್ಳಬೇಡಿ, ಇವರು ಗೆದ್ದಲು, ಊರು ತಿನ್ನೋ ಮೊದಲು ಔಷಧಿ ಹೊಡೀಬೇಕು ಅಂದರು. ವಿಡಿಯೋ ಎಲ್ಲರ ವಾಟ್ಸಾಪಿಗೂ ಬಂತು. ವಕೀಲೆಯಾದ ನನ್ನ ಹತ್ತಿರ ಅದನ್ನು ತಂದವರು ಬಳೆ ಮಾರುವ ಒಬ್ಬ ಹಿರಿಯರು. ಅವರಿಗೆ ಕೇಸು ಬೇಕಿರಲಿಲ್ಲ. "ಮೇಡಂ, ಮುಂದಿನ ವರ್ಷ ಅಂಗಡಿ ಹಾಕೋಕೆ ಬಿಡ್ತಾರಾ, ಅಷ್ಟು ನೋಡಿ ಸಾಕು" ಅಂದರು.

ನನಗೆ ಚುಚ್ಚಿದ್ದು ಆ 'ಗೆದ್ದಲು' ಅನ್ನೋ ಮಾತು. ರುವಾಂಡಾದ ರೇಡಿಯೋದವರ ಮೇಲಿನ ತೀರ್ಪನ್ನು ಹಿಂದೆ ಓದಿದ್ದೆ. 1994ರಲ್ಲಿ ನೂರೇ ದಿನದಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದರಲ್ಲ, ಅದಕ್ಕೂ ಮೊದಲಿನಿಂದಲೇ ಆರ್‌ಟಿಎಲ್‌ಎಂ ರೇಡಿಯೋ ಅಲ್ಲಿನ ಟುಟ್ಸಿ ಸಮುದಾಯದವರನ್ನು 'ಇನ್ಯೆಂಜಿ', ಅಂದರೆ ಜಿರಳೆ ಅನ್ನುತ್ತಿತ್ತು. 2003ರಲ್ಲಿ ಟಾಂಜಾನಿಯಾದ ಅರೂಷಾದಲ್ಲಿದ್ದ ವಿಶ್ವಸಂಸ್ಥೆಯ ನ್ಯಾಯಮಂಡಳಿ ಮೂವರಿಗೆ ಶಿಕ್ಷೆ ಕೊಟ್ಟಿತು. ಅವರಲ್ಲಿ ಒಬ್ಬ, ಬರಯಾಗ್ವಿಝಾ, ಕಾನೂನು ಓದಿದವನು. ನಮ್ಮ ವೃತ್ತಿಯವನೇ ಅಲ್ವಾ ಅಂತ ಅವತ್ತೇ ಮುಜುಗರವಾಗಿತ್ತು. ನಮ್ಮೂರು ರುವಾಂಡಾ ಅಲ್ಲ, ಹಾಗೆ ಹೋಲಿಸಿ ಜನರನ್ನು ಹೆದರಿಸೋದು ನನಗೆ ಇಷ್ಟವೂ ಇಲ್ಲ. ಆದರೆ ಆ ಕೇಸು ನಿಂತದ್ದು ಪ್ರಸಾರದ ಟೇಪುಗಳಿಂದ. ಯಾರೋ ರೆಕಾರ್ಡ್ ಮಾಡಿ ಇಟ್ಟಿದ್ದರು.

ಹಾಗಾಗಿ ಮೊದಲು ಕೂತು ಭಾಷಣವನ್ನು ಅಕ್ಷರ ಬಿಡದೆ ಬರೆದುಕೊಂಡೆ. ಯಾವ ನಿಮಿಷ, ಯಾವ ಸೆಕೆಂಡಿಗೆ ಯಾವ ಮಾತು, ಜನ ಎಲ್ಲಿ ಚಪ್ಪಾಳೆ ತಟ್ಟಿದರು, ಎಲ್ಲಾ. ಇದು ಬೇಜಾರಿನ ಕೆಲಸ, ಒಂದು ರಾತ್ರಿ ಪೂರ್ತಿ ಹೋಯಿತು. ಆಮೇಲೆ ಶುರುವಾಯಿತು ನಿಜವಾದ ತಲೆನೋವು. ಫಾರ್ವರ್ಡ್ ಆಗಿ ಬಂದ ವಿಡಿಯೋ ಕೋರ್ಟಲ್ಲಿ ನಿಲ್ಲೋದು ಕಷ್ಟ. ಮೂಲ ಫೋನ್ ಬೇಕಿತ್ತು, ಇಲ್ಲದಿದ್ದರೆ ಆಗಿದ್ದ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟ್, ಅಂದರೆ ಈ ಪ್ರತಿ ಯಾವ ಫೋನಿಂದ ಹೇಗೆ ಬಂತು ಅನ್ನೋ ಲಿಖಿತ ದೃಢೀಕರಣ ಬೇಕಿತ್ತು, 2020ರಲ್ಲಿ ಸುಪ್ರೀಂ ಕೋರ್ಟ್ ಅರ್ಜುನ್ ಪಂಡಿತ್‌ರಾವ್ ಕೇಸಿನಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದೆ. ಶೂಟ್ ಮಾಡಿದ್ದು ಐಸ್‌ಕ್ರೀಂ ಗಾಡಿಯ ಹುಡುಗ. ಅವನನ್ನು ಹುಡುಕಿ ಒಪ್ಪಿಸೋಕೆ ಒಂಬತ್ತು ದಿನ ಬೇಕಾಯಿತು. ಅವನ ಅಮ್ಮ ಎರಡು ಸಲ ನನ್ನನ್ನು ಬಾಗಿಲಿಂದಲೇ ವಾಪಸ್ ಕಳಿಸಿದರು. ತಪ್ಪು ಅವರದಲ್ಲ.

ಠಾಣೆಯಲ್ಲಿ ದೂರು ತಗೊಳ್ಳಲಿಲ್ಲ. ನಾನು ಜಗಳ ಆಡಲಿಲ್ಲ, ದೂರು ತಗೊಳ್ಳಲ್ಲ ಅಂತ ಹಿಂಬರಹ ಬರೆದು ಕೊಡಿ ಅಂದೆ, ಅದೂ ಇಲ್ಲ. ಎಸ್‌ಪಿಗೆ ರಿಜಿಸ್ಟರ್ಡ್ ಪೋಸ್ಟ್ ಹಾಕಿದೆ. ಜೊತೆಗೆ ಸುಪ್ರೀಂ ಕೋರ್ಟಿನ ಎರಡು ಆದೇಶಗಳ ಪ್ರತಿ: ಗುಂಪು ಹಲ್ಲೆ ತಡೆಯೋಕೆ ಜಿಲ್ಲೆಗೊಬ್ಬ ನೋಡಲ್ ಅಧಿಕಾರಿ ಇರಬೇಕು ಎಂದ 2018ರ ತೆಹ್ಸೀನ್ ಪೂನಾವಾಲಾ ತೀರ್ಪು, ದ್ವೇಷ ಭಾಷಣಕ್ಕೆ ದೂರು ಬರದಿದ್ದರೂ ಪೊಲೀಸರೇ ಎಫ್‌ಐಆರ್ ಹಾಕಬೇಕು, ಮಾತಾಡಿದವರ ಧರ್ಮ ನೋಡಬಾರದು ಎಂದ 2023ರ ಏಪ್ರಿಲ್ 28ರ ಆದೇಶ. ಆ ಎರಡನೇದು ಕೆಲಸ ಮಾಡಿತು ಅಂತ ಕಾಣುತ್ತೆ. ಹನ್ನೆರಡನೇ ದಿನ, ಸಮುದಾಯಗಳ ನಡುವೆ ದ್ವೇಷ ಹುಟ್ಟಿಸೋದಕ್ಕೆ ಹಾಕುವ ಹಳೇ ಐಪಿಸಿಯ 153ಎ ಮತ್ತು 505(2) ಹಾಕಿ ಎಫ್‌ಐಆರ್ ಆಯಿತು. ಭಾರತ ನರಮೇಧ ತಡೆಯುವ ವಿಶ್ವಸಂಸ್ಥೆಯ ಒಪ್ಪಂದವನ್ನು 1959ರಲ್ಲೇ ಅನುಮೋದಿಸಿದೆ, ಆದರೆ ಅದಕ್ಕಂತ ಇಲ್ಲಿ ಪ್ರತ್ಯೇಕ ಕಾನೂನಿಲ್ಲ. ನಮ್ಮ ಕೈಲಿರೋದು ಇಂಥ ಸೆಕ್ಷನ್‌ಗಳೇ. (ಈಗ 153ಎ ಜಾಗದಲ್ಲಿ ಹೊಸ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ 196 ಬಂದಿದೆ. ಹಳೇ ಸಿಆರ್‌ಪಿಸಿಯಲ್ಲಿ ಇಂಥ ಕೇಸಿಗೆ ಸರ್ಕಾರದ ಮಂಜೂರಾತಿ ಬೇಕು ಅನ್ನೋ ಸೆಕ್ಷನ್ನೂ 196. ಕೋರ್ಟಲ್ಲಿ ನಾನೇ ಎರಡು ಸಲ ತಡವರಿಸಿದ್ದೇನೆ.)

ಇಷ್ಟಾದರೂ ಬಳೆಯವರ ಪ್ರಶ್ನೆ ಹಾಗೇ ಇತ್ತಲ್ಲ. ಅದಕ್ಕೆ ಜಾತ್ರೆ ಜಾಗದ ಪಹಣಿ ತೆಗೆಸಿದೆ. ಮುಜರಾಯಿ ದೇವಸ್ಥಾನದ ಹತ್ತಿರದ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದು ಅಂತ 2002ರ ನಿಯಮ ಇದೆ, 2022ರಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಗಲಾಟೆ ಎದ್ದಾಗ ಎಲ್ಲರೂ ತೋರಿಸಿದ್ದು ಅದನ್ನೇ. ಆ ನಿಯಮದ ಬಗ್ಗೆ ನನಗೆ ತಕರಾರಿದೆ, ಅದು ಬೇರೆ ಮಾತು. ಪಹಣಿ ನೋಡಿದರೆ ಅಂಗಡಿ ಸಾಲಿನ ಅರ್ಧ ದೇವಸ್ಥಾನದ ಜಾಗದಲ್ಲೇ ಇಲ್ಲ, ಪಂಚಾಯ್ತಿ ರಸ್ತೆಯಲ್ಲಿದೆ! ಪಂಚಾಯ್ತಿಗೂ ತಹಶೀಲ್ದಾರರಿಗೂ ಅರ್ಜಿ ಕೊಟ್ಟೆವು. 2025ರ ಜಾತ್ರೆಯಲ್ಲಿ ಅವರು ಅಂಗಡಿ ಹಾಕಿದರು, ಹಳೇ ಜಾಗದಿಂದ ಸ್ವಲ್ಪ ದೂರ, ವ್ಯಾಪಾರ ಕಮ್ಮಿಯೇ.

ಆರೋಪಿಯ ಪರ ನಿಂತಿರೋದು ನನ್ನ ಜೂನಿಯರ್ ಆಗಿದ್ದ ಹುಡುಗ. ಬಾರ್‌ನಲ್ಲಿ ಕೆಲವರು ಅವನ ಮೇಲೆ ಮುನಿಸಿಕೊಂಡರು. ಸುಮ್ನಿರಿ, ಆರೋಪಿಗೂ ವಕೀಲ ಬೇಕು ಅಂದೆ. ಕೋರ್ಟು ಕೇಸು ಕೈಗೆತ್ತಿಕೊಳ್ಳೋಕೆ ಸರ್ಕಾರದ ಮಂಜೂರಾತಿ ಬೇಕು, ಅದಿನ್ನೂ ಬಂದಿಲ್ಲ. ಫೈಲು ಯಾವ ಮೇಜಿನ ಮೇಲಿದೆ ಅಂತ ಹೋದ ತಿಂಗಳು ಆರ್‌ಟಿಐ ಹಾಕಿದ್ದೇನೆ.