ಒಂದೇ ಹಂಡೆ, ಇಪ್ಪತ್ತು ಜನ, ಹತ್ತು ಪೌಂಡ್ ಸಿಗಡಿ

ಕುಂದಾಪುರದಲ್ಲಿ ಹುಟ್ಟಿ ಬೆಳೆದವನಿಗೆ ಸಿಗಡಿ ಬೇಯಿಸುವುದನ್ನು ಬೇರೆಯವರು ಕಲಿಸಬೇಕಾ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡೇ ಮೊದಲ ವರ್ಷ ಹತ್ತು ಪೌಂಡ್ ಸಿಗಡಿಯನ್ನು ರಬ್ಬರ್ ಮಾಡಿಟ್ಟೆ.

ನಾವಿರುವುದು ಅಮೆರಿಕದ ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಹತ್ತಿರ. ಈ ಕರಾವಳಿಯನ್ನು ‘ಲೋ ಕಂಟ್ರಿ’ ಅನ್ನುತ್ತಾರೆ. ಎಲ್ಲಿ ನೋಡಿದರೂ ಹಿನ್ನೀರು, ಜೌಗು, ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ತಲೆಯೆತ್ತುವ ಹುಲ್ಲು. ಗುಲಾಮರ ದುಡಿಮೆಯ ಮೇಲೆ ಭತ್ತ ಬೆಳೆದ ನೆಲ ಇದು. ಬೇಸಿಗೆಯಲ್ಲಿ ನಾಲ್ಕು ಜನ ಸೇರಿದರೆ ಹಿತ್ತಲಲ್ಲಿ ಹಂಡೆ ಏರಿತೆಂದೇ ಲೆಕ್ಕ. ಸಿಗಡಿ, ಆಲೂಗಡ್ಡೆ, ಮೆಕ್ಕೆಜೋಳದ ತೆನೆ, ಹೊಗೆಯಾಡಿಸಿದ ಸಾಸೇಜ್ ಎಲ್ಲ ಒಂದೇ ನೀರಲ್ಲಿ ಬೇಯುತ್ತವೆ. ಅದೇ ಲೋ ಕಂಟ್ರಿ ಬಾಯಿಲ್. ‘ಫ್ರಾಗ್‌ಮೋರ್ ಸ್ಟ್ಯೂ’ ಅಂತಲೂ ಹೆಸರಿದೆ. ಅದರಲ್ಲಿ ಕಪ್ಪೆ ಇಲ್ಲ, ಹೆದರಬೇಡಿ. ಫ್ರಾಗ್‌ಮೋರ್ ಅಂದರೆ ಇಲ್ಲೇ ಸೇಂಟ್ ಹೆಲೆನಾ ದ್ವೀಪದ ಒಂದು ಊರು.

ಮೊದಲ ವರ್ಷದ ಕಥೆ ಹೇಳಿಬಿಡುತ್ತೇನೆ. ಜುಲೈ ನಾಲ್ಕರ ರಜೆ, ಕನ್ನಡದ ಗೆಳೆಯರು, ಮಕ್ಕಳು ಸೇರಿ ಇಪ್ಪತ್ತು ಜನ. ಹಂಡೆಗೆ ಮುಕ್ಕಾಲು ನೀರು ತುಂಬಿಸಿದ್ದೆ. ಆಲೂಗಡ್ಡೆ, ಜೋಳ ಬಿದ್ದದ್ದೇ ನೀರು ಉಕ್ಕಿ ಹರಿದು ಒಲೆ ಆರಿಹೋಯಿತು, ಗ್ಯಾಸ್ ಮಾತ್ರ ಬರುತ್ತಲೇ ಇತ್ತು. ವಾಸನೆ ಹಿಡಿದವಳು ನನ್ನ ಹೆಂಡತಿ. ಓಡಿ ಹೋಗಿ ಸಿಲಿಂಡರ್ ಬಂದ್ ಮಾಡಿ, ಗಾಳಿಯಾಡುವ ತನಕ ಕಾದು, ಮತ್ತೆ ಹಚ್ಚಿದ್ದಾಯಿತು. ಅಷ್ಟರಲ್ಲಿ ಎಲ್ಲರಿಗೂ ಹಸಿವು. ಗಡಿಬಿಡಿಯಲ್ಲಿ ಸಿಗಡಿಯನ್ನೂ ಸುರಿದು, ನೀರು ಮತ್ತೆ ಕುದಿಯಲಿ ಅಂತ ಕಾಯುತ್ತಾ ನಿಂತೆ. ತಪ್ಪಾದದ್ದು ಅಲ್ಲೇ. ಐಸ್ ಮೇಲಿಟ್ಟಿದ್ದ ನಾಲ್ಕೂವರೆ ಕಿಲೋ ಸಿಗಡಿ ಬಿದ್ದರೆ ಎಂಥ ಕುದಿಯೂ ಅಡಗುತ್ತದೆ. ಆದರೆ ಸಿಗಡಿ ಬೇಯಲು ಕುದಿಯೇ ಬೇಕಂತಿಲ್ಲ, ಬಿಸಿ ಸಾಕು. ಮತ್ತೆ ಗುಳ್ಳೆ ಏಳುವ ಹೊತ್ತಿಗೆ ಅದರ ಕಥೆ ಮುಗಿದಿತ್ತು. ಆಲೂಗಡ್ಡೆ ಮಾತ್ರ ಒಳಗೆ ಹಸಿ.

ಮರುವಾರ ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದಲೇ ಪಾಠ ಹೇಳಿದರು. ನೀರು ಅರ್ಧ ಹಂಡೆ ಮೀರಬಾರದು. ಕೊನೆಗೆ ಬೇಯುವುದನ್ನು ಮೊದಲು ಹಾಕು. ಗಡಿಯಾರ ನೋಡು, ಹಂಡೆ ನೋಡಬೇಡ.

ಈಗ ನನ್ನ ಲೆಕ್ಕ ಹೀಗಿದೆ. ತಲೆಗೆ ಅರ್ಧ ಪೌಂಡ್ ಸಿಗಡಿ, ಅದೂ ಸಿಪ್ಪೆ ಸಮೇತ, ತಲೆ ತೆಗೆದದ್ದು. ಅಂಗಡಿಯ ಚೀಟಿಯಲ್ಲಿ 26/30 ಅಂತಿದ್ದರೆ ಒಂದು ಪೌಂಡಿಗೆ 26ರಿಂದ 30 ಸಿಗಡಿ ತೂಗುತ್ತವೆ ಅಂತ ಅರ್ಥ. ನನಗೆ ಆ ಗಾತ್ರವೇ ಸರಿ. ಸಿಪ್ಪೆ ಸುಲಿದದ್ದು ತಂದರೆ ರುಚಿಯೂ ಇಲ್ಲ, ಬೇಗ ಗಟ್ಟಿಯೂ ಆಗುತ್ತದೆ. ನಿಂಬೆ ಗಾತ್ರದ ಕೆಂಪು ಆಲೂಗಡ್ಡೆ ತಲೆಗೆ ಮೂರು, ಜೋಳ ಒಂದು ತೆನೆ ಎರಡು ತುಂಡು. ಹಂದಿ ತಿನ್ನದವರು ನಮ್ಮಲ್ಲಿ ಇರುವುದರಿಂದ ಸಾಸೇಜ್ ಕೋಳಿಯದ್ದು.

ಅರವತ್ತು ಕ್ವಾರ್ಟಿನ, ಅಂದರೆ ಐವತ್ತೇಳು ಲೀಟರ್ ಹಿಡಿಯುವ ಹಂಡೆ, ಒಳಗೆ ತೂತಿನ ಬುಟ್ಟಿ. ಗ್ಯಾಸ್ ಒಲೆಯನ್ನು ಹುಲ್ಲಿನ ಮೇಲೆ ಸಮತಟ್ಟಾದ ಜಾಗದಲ್ಲಿ ಇಡುತ್ತೇನೆ. ಮರದ ಡೆಕ್ ಮೇಲೆ ಯಾವತ್ತೂ ಇಲ್ಲ, ಮಕ್ಕಳು ಓಡಾಡುವ ದಾರಿಯಲ್ಲೂ ಇಲ್ಲ. ಸುಮಾರು ಇಪ್ಪತ್ತೆಂಟು ಲೀಟರ್ ನೀರಿಗೆ ನಾಲ್ಕು ಕಪ್ ‘ಓಲ್ಡ್ ಬೇ’ ಮಸಾಲೆ, ಸೀಳಿದ ನಿಂಬೆ, ಈರುಳ್ಳಿ, ಇಡೀ ಬೆಳ್ಳುಳ್ಳಿ ಗಡ್ಡೆ. ಈ ಓಲ್ಡ್ ಬೇ ಇಲ್ಲಿಯದ್ದಲ್ಲ, ಬಾಲ್ಟಿಮೋರಿನದ್ದು. ನಾತ್ಸಿಗಳಿಂದ ತಪ್ಪಿಸಿಕೊಂಡು ಜರ್ಮನಿಯಿಂದ ಬಂದ ಗುಸ್ತಾವ್ ಬ್ರುನ್ ಎಂಬ ಯಹೂದಿ ಮಸಾಲೆ ವ್ಯಾಪಾರಿ 1939ರಲ್ಲಿ ಮಾಡಿದ ಪುಡಿ ಅದು. ಅದರಲ್ಲೇ ಉಪ್ಪಿದೆ. ಆದರೂ ನೀರನ್ನು ಒಮ್ಮೆ ನಾಲಿಗೆಗೆ ಹಚ್ಚಿ ನೋಡಿ. ಸಾರಿಗಿಂತ ಹೆಚ್ಚೇ ಉಪ್ಪಿರಬೇಕು. ಸಿಪ್ಪೆ ದಾಟಿ ಒಳಗೆ ಹೋಗಬೇಕಲ್ಲ!

ನೀರು ಕುದಿದ ಮೇಲೆ ಆಲೂಗಡ್ಡೆ. ಹನ್ನೆರಡು ನಿಮಿಷ ಬಿಟ್ಟು ಸಾಸೇಜ್, ಅದಾಗಿ ಐದು ನಿಮಿಷಕ್ಕೆ ಜೋಳ, ಮತ್ತೈದು ನಿಮಿಷಕ್ಕೆ ಒಂದು ಆಲೂಗಡ್ಡೆಗೆ ಚಾಕು ಚುಚ್ಚಿ ನೋಡುತ್ತೇನೆ. ಸಲೀಸಾಗಿ ಇಳಿಯದಿದ್ದರೆ ಸಿಗಡಿ ಐಸ್ ಮೇಲೇ ಇರುತ್ತದೆ, ಯಾರೆಷ್ಟೇ ಅವಸರ ಮಾಡಲಿ. ಇಳಿಯಿತೋ, ಸಿಗಡಿ ಸುರಿದು ಒಂದು ಸಲ ಕದಡಿ, ಮೂರು ನಿಮಿಷ. ಅಷ್ಟೇ. ಬಣ್ಣ ಗುಲಾಬಿಯಾಗಿ ಕುಡುಗೋಲಿನ ಹಾಗೆ ಬಾಗಿದ್ದರೆ ಬೆಂದಿದೆ, ಉಂಗುರದ ಹಾಗೆ ಸುತ್ತಿಕೊಂಡಿದ್ದರೆ ಹೆಚ್ಚು ಬೆಂದಿದೆ. ಒಲೆ ಆರಿಸಿದ ತಕ್ಷಣ ಬುಟ್ಟಿ ಎತ್ತಬೇಕು. ಬೆಂಕಿ ಆರಿದರೂ ಹಂಡೆಯ ನೀರು ಬೇಯಿಸುವುದನ್ನು ನಿಲ್ಲಿಸುವುದಿಲ್ಲ. ಎತ್ತಲು ಇಬ್ಬರು ಬೇಕು, ಕೈಗೆ ದಪ್ಪ ಗ್ಲೌಸ್, ಕಾಲಿಗೆ ಶೂ. ಚಪ್ಪಲಿ ಹಾಕಿಕೊಂಡು ಬಂದವರನ್ನು ನಾನು ಹತ್ತಿರ ಸೇರಿಸುವುದಿಲ್ಲ.

ಸಸ್ಯಾಹಾರಿಗಳಿಗೆ ಬೇರೆ ಪಾತ್ರೆ, ಬೇರೆ ಇಕ್ಕಳ, ಬೇರೆ ಮೇಜು. ಅವರದ್ದು ಮೊದಲೇ ಬೇಯಿಸಿ ಮುಗಿಸುತ್ತೇನೆ. ಸಿಗಡಿ ಅಲರ್ಜಿ ಇರುವ ಹುಡುಗನೊಬ್ಬ ಬರುತ್ತಾನೆ, ಅವನೂ ಆ ಕಡೆಗೇ.

ಒಂದು ವರ್ಷ ಜಾಣತನ ತೋರಿಸಲು ಹೋಗಿ ಊರಿಂದ ತಂದ ಮೀನು ಮಸಾಲೆ ಪುಡಿಯನ್ನು ಹಂಡೆಗೇ ಸುರಿದೆ. ಪುಡಿಯೆಲ್ಲ ಸಿಪ್ಪೆಗೆ ಮೆತ್ತಿಕೊಂಡಿತು, ತಿನ್ನುವವರ ಬೆರಳು ಕೆಂಪಾಯಿತು, ಒಳಗೆ ಏನೂ ಇಳಿಯಲಿಲ್ಲ. ಈಗ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ ಜಜ್ಜಿ ಬೆಣ್ಣೆಯಲ್ಲಿ ಬಾಡಿಸಿ, ಹುಳಿಗೆ ನಿಂಬೆ ಹಿಂಡಿ ಬಟ್ಟಲಲ್ಲಿ ಇಡುತ್ತೇನೆ. ಅದ್ದಿ ತಿನ್ನಲಿ. ಮೇಜಿನ ಮೇಲಿನ ಕೆಚಪ್ ಸಾಸಿನ ಬಾಟಲಿ ಹಾಗೇ ಉಳಿಯುತ್ತದೆ.

ಹೋದ ವರ್ಷ ಅಮ್ಮ ಬಂದಿದ್ದರು. ಜುಲೈಯಲ್ಲಿ ತಾಜಾ ಸಿಗಡಿ ಕಂಡು ಅವರಿಗೆ ಮೊದಲ ಆಶ್ಚರ್ಯ. ಊರಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಮನೆಯಲ್ಲಿ ಒಣಮೀನಿನ ಕಾಲ. “ಚಟ್ಲಿ ಲಾಯ್ಕಿತ್ತ್” (ಸಿಗಡಿ ಚೆನ್ನಾಗಿದೆ) ಅಂತ ಒಂದೊಂದನ್ನೇ ಎತ್ತಿ ನೋಡಿದರು. ಮೇಜಿನ ಮೇಲೆ ಪೇಪರ್ ಹಾಸಿ ಬುಟ್ಟಿ ಬೋರಲು ಹಾಕಿದಾಗಲೂ ಏನೂ ಅನ್ನಲಿಲ್ಲ. ಹಬೆ ಏಳುವ ರಾಶಿಗೆ ಹತ್ತು ಕೈ ಒಟ್ಟಿಗೆ ಬಿದ್ದಾಗ ಅವರೂ ಸೆರಗು ಸಿಕ್ಕಿಸಿಕೊಂಡು ನಿಂತೇ ತಿಂದರು.

ಊಟವಾದ ಮೇಲೆ ನಾನು ಹಂಡೆ ಬಗ್ಗಿಸಲು ಹೊರಟದ್ದು ಕಂಡಿತು.

“ಎಂತ ಮಗಾ, ಅಷ್ಟೂ ಸಾರ್ ಚೆಲ್ಲುದಾ?”

ಇದು ಸಾರಲ್ಲ ಅಂದರೆ ಕೇಳಲಿಲ್ಲ. ಚಟ್ಲಿ ಬೆಂದ ನೀರು, ಕಾಯಿ ಅರೆದು ಹಾಕಿದರೆ ನಾಳೆ ಇಡೀ ದಿನಕ್ಕಾಯಿತು ಅಂತ ಒಳಗಿಂದ ಪಾತ್ರೆ ತಂದು ತುಂಬಿಸಿಕೊಂಡರು. ಆಮೇಲೆ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿ ನನ್ನನ್ನೊಮ್ಮೆ, ಪಾತ್ರೆಯನ್ನೊಮ್ಮೆ ನೋಡಿದರು.

“ಬರೀ ಉಪ್ಪ್ ನೀರ್ ಮಾರಾಯಾ. ಚೆಲ್ಲ್.”