ಸಿಸ್‌ವಾಲ್‌ಗೆ ಕೈ ಹಾಕಿದ್ದು: ನನ್ನ ಅನುಭವ

"ಸಿಸ್‌ವಾಲ್ ಫೋಲ್ಡರ್‌ದಾಗ ಸ್ಕ್ರಿಪ್ಟ್‌ಲೇ ಬರೀತೀರೇನ್ರೀ? ಡೊಮೇನ್ ಮಕಾಡೆ ಬೀಳತೈತಿ. ಆಮ್ಯಾಲೆ ನಮ್ಮನ್ನ ಕರೀಬ್ಯಾಡ್ರಿ" ಎಂದು ಹುಬ್ಬಳ್ಳಿಯ ಇಬ್ಬರು ಹಿರಿಯ ಸರ್ವರ್ ಮಂದಿ ನನಗೆ ಹೇಳಿ ಎರಡು ವರ್ಷದ ಮೇಲಾಯಿತು. ಡೊಮೇನ್ ಎಂದರೆ ಒಂದೇ ಕಡೆಯಿಂದ ನಿಭಾಯಿಸುವ ವಿಂಡೋಸ್ ಮಷಿನ್‌ಗಳ ಬಳಗ. ಆ ಮಷಿನ್‌ಗಳೆಲ್ಲ ತಮ್ಮ ನಿಯಮ ಓದಿಕೊಳ್ಳುವ, ಸರ್ವರಿನ ಮೇಲಿನ ಫೋಲ್ಡರೇ ಸಿಸ್‌ವಾಲ್. ಈಗ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೇರಿ ನಾಲ್ಕು ಕಾಲೇಜು, ಹನ್ನೊಂದು ಲ್ಯಾಬ್, ಹೆಚ್ಚುಕಡಿಮೆ 380 ಮಷಿನ್‌ಗಳ ಮೇಲೆ ಅದೇ ಸ್ಕ್ರಿಪ್ಟ್ ಓಡುತ್ತಿದೆ. ಆ ಇಬ್ಬರಲ್ಲಿ ಒಬ್ಬರು ಹೋದ ತಿಂಗಳು ಫೋನ್ ಮಾಡಿ ಸ್ಕ್ರಿಪ್ಟ್ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ಆನ್‌ಲೈನ್ ಪರೀಕ್ಷೆ ಇದ್ದ ದಿನ ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳ ಮಾಮೂಲಿ ಖಾತೆ ಲಾಗಿನ್ ಆಗಬಾರದು, ಪರೀಕ್ಷೆಯ ಖಾತೆ ಮಾತ್ರ ಆಗಬೇಕು. ಸಂಜೆ ಎಲ್ಲ ಮೊದಲಿನಂತೆ. ನಾಲ್ಕು ಕಾಲೇಜಿಗೂ ಬೇರೆ ಬೇರೆ ಡೊಮೇನ್. ಬೆಂಗಳೂರಿನ ಒಂದು ಕಂಪನಿ ಇದಕ್ಕೆ ಸುಮಾರು ಎರಡೂಕಾಲು ಲಕ್ಷ ಮತ್ತು ವರ್ಷದ ಫೀ ಬೇರೆ ಎಂದಿತ್ತು. ನಾನು 40 ಸಾವಿರ ಹೇಳಿದೆ, 15 ಸಾವಿರ ಮುಂಗಡ ಸಿಕ್ಕಿತು.

ಎರಡು ಜಿಪಿಒ (ಗ್ರೂಪ್ ಪಾಲಿಸಿ ಆಬ್ಜೆಕ್ಟ್, ಅಂದರೆ ಮಷಿನ್‌ಗಳಿಗೆ ಹಚ್ಚುವ ನಿಯಮಗಳ ಕಟ್ಟು) ಮಾಡಿ ಲಿಂಕ್ ಆನ್-ಆಫ್ ಮಾಡಿದರೆ ಮುಗಿಯಿತಲ್ಲ ಎಂದು ನೀವು ಕೇಳುತ್ತೀರಿ. ಮೊದಲು ಮಾಡಿದ್ದೂ ಅದನ್ನೇ. ಆದರೆ ಒಂದು ಬ್ಯಾಚಿಗೆ ಪರೀಕ್ಷೆ ಇದ್ದಾಗ ಪಕ್ಕದ ಲ್ಯಾಬ್‌ನಲ್ಲಿ ಇನ್ನೊಂದು ಬ್ಯಾಚಿನ ಪ್ರ್ಯಾಕ್ಟಿಕಲ್ ಇರುತ್ತದೆ, ತಡೆಯಬೇಕಾದ ಗುಂಪುಗಳ ಪಟ್ಟಿ ದಿನಾ ಬದಲು. ಯೂಸರ್ ರೈಟ್ಸ್, ಅಂದರೆ ಯಾರು ಲಾಗಿನ್ ಆಗಬಹುದು, ಆಗಬಾರದು ಎಂಬಂಥ ಹಕ್ಕುಗಳು, ಒಂದರ ಮೇಲೊಂದು ಕೂಡಿಕೊಳ್ಳುವುದಿಲ್ಲ. ಕೊನೆಗೆ ಬಂದ ಜಿಪಿಒದ ಪಟ್ಟಿಯೇ ಪೂರ್ತಿ ನಿಲ್ಲುತ್ತದೆ. ಹೀಗಾಗಿ ಒಂದೊಂದು ಜೋಡಣೆಗೂ ಒಂದೊಂದು ಜಿಪಿಒ. ಎರಡನೇ ಕಾಲೇಜಿಗೆ ಬರುವಷ್ಟರಲ್ಲಿ ಮೂವತ್ತು ದಾಟಿದವು, ಯಾವುದು ಯಾವುದಕ್ಕೆ ಎಂದು ನನಗೇ ತಿಳಿಯದಾಯಿತು. ಸ್ಟಾರ್ಟಪ್ ಸ್ಕ್ರಿಪ್ಟ್‌ನಲ್ಲಿ ಸೆಕ್‌ಎಡಿಟ್ (ಮಷಿನ್ ಮೇಲೆ ಸೆಕ್ಯೂರಿಟಿ ಸೆಟ್ಟಿಂಗ್ ಹಾಕುವ ವಿಂಡೋಸ್ ಕಮಾಂಡ್) ಓಡಿಸಿಯೂ ನೋಡಿದೆ. ಅದು ಹಾಕಿದ್ದನ್ನು ಡೊಮೇನ್ ಪಾಲಿಸಿ ಮತ್ತೆ ಬಂದು ಅಳಿಸುತ್ತಿತ್ತು.

ಜಿಪಿಒದ ರಿಜಿಸ್ಟ್ರಿ ಸೆಟ್ಟಿಂಗ್ ಬದಲಿಸುವ ಸೆಟ್-ಜಿಪಿರಿಜಿಸ್ಟ್ರಿವ್ಯಾಲ್ಯೂ ಕಮಾಂಡ್ ಇಲ್ಲಿ ಉಪಯೋಗಕ್ಕಿಲ್ಲ, ಏಕೆಂದರೆ ಲಾಗಾನ್ ಹಕ್ಕುಗಳು ರಿಜಿಸ್ಟ್ರಿ ಪಾಲಿಸಿಯಲ್ಲಿ ಇಲ್ಲ. ಅವು ಸಿಸ್‌ವಾಲ್‌ನಲ್ಲಿ ಆಯಾ ಜಿಪಿಒದ ಮಷಿನ್ ಫೋಲ್ಡರಿನ ಒಳಗೆ, ಸೆಕ್‌ಎಡಿಟ್ ಫೋಲ್ಡರಿನ ಜಿಪಿಟಿಟೆಂಪ್ಲ್ ಡಾಟ್ ಐಎನ್‌ಎಫ್ ಫೈಲಿನಲ್ಲಿ ಇರುತ್ತವೆ. ಬರೀ ಪಠ್ಯದ ಫೈಲು. ಅದೇ ನನಗೆ ಧೈರ್ಯ ಕೊಟ್ಟಿದ್ದು, ಅದೇ ಕೆಡಿಸಿದ್ದು. ಮೊದಲ ದಿನ ಬ್ಯಾಚ್ ಫೈಲಿನಿಂದ ಎಕೋ ಮಾಡಿ ಕೊನೆಗೆ ಲಾಗಿನ್ ತಡೆಯುವ ಒಂದು ಸಾಲು ಸೇರಿಸಿದೆ. ತೆರೆದು ನೋಡಿದರೆ ಕೊನೆಯಲ್ಲಿ ಚೀನೀ ಲಿಪಿಯಂಥ ಅಕ್ಷರಗಳು! ಫೈಲು ಯುಟಿಎಫ್-16 (ಅಕ್ಷರಕ್ಕೆ ಕನಿಷ್ಠ ಎರಡು ಬೈಟ್), ನಾನು ಸೇರಿಸಿದ್ದು ಒಂಟಿ ಬೈಟಿನ ಅಕ್ಷರ.

ಎನ್‌ಕೋಡಿಂಗ್ ಸರಿ ಮಾಡಿಕೊಂಡು ಧಾರವಾಡದ ಕಾಲೇಜಿನಲ್ಲಿ ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ಸಾಲು ಬರೆದೆ. ಪಾಲಿಸಿಯನ್ನು ಈಗಲೇ ಓದು ಎಂದು ಮಷಿನ್‌ಗೆ ಹೇಳುವ ಜಿಪಿಅಪ್‌ಡೇಟ್ ಕಮಾಂಡ್ ಕೊಟ್ಟೆ. ಏನೂ ಆಗಲಿಲ್ಲ. ಆ ದಿನದ್ದನ್ನು ಕೈಯಿಂದ ನಿಭಾಯಿಸಿ, ಬರೆದ ಸಾಲನ್ನು ಮರೆತು ಚಿಗರಿ ಬಸ್ ಹತ್ತಿದೆ. ಮರುದಿನ ಒಂಬತ್ತೂವರೆಗೆ ಪ್ರಾಂಶುಪಾಲರ ಫೋನ್: "ಏನ್ ಮಾಡೀರಿ ಸರ? ಹುಡುಗೂರು ಹೊರಗ ನಿಂತಾವ, ಮಷಿನ್ ಒಳಗ ಬಿಡವಲ್ದು." ಪಾಲಿಸಿಯ ಆವೃತ್ತಿ ಸಂಖ್ಯೆ ಬದಲಾಗದಿದ್ದರೆ ಮಷಿನ್ ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ. ಆದರೆ ಸೆಕ್ಯೂರಿಟಿ ಸೆಟ್ಟಿಂಗ್‌ಗಳನ್ನು ಮಾತ್ರ 16 ಗಂಟೆಗೊಮ್ಮೆ, ಬದಲಾಗಿರಲಿ ಬಿಡಲಿ, ಮತ್ತೆ ಹಚ್ಚುತ್ತದೆ. ನಿನ್ನೆಯ ಸಾಲು ಇವತ್ತು ಎದ್ದು ನಿಂತಿತ್ತು. ಅರ್ಧ ದಿನದ ಪ್ರ್ಯಾಕ್ಟಿಕಲ್ ಹೋಯಿತು, ಬಾಕಿ ದುಡ್ಡು ಮೂರು ತಿಂಗಳು ತಡೆಹಿಡಿದರು.

ಅಲ್ಲಿಂದ ಸುಮ್ಮನೆ ಜನರ ಮಷಿನ್ ಮೇಲೆ ಪ್ರಯೋಗ ಮಾಡಲಿಲ್ಲ. 14 ಸಾವಿರಕ್ಕೆ ಎರಡು ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ತಂದು ಮನೆಯಲ್ಲೇ ಡೊಮೇನ್ ಕಟ್ಟಿದೆ. ಆವೃತ್ತಿ ಸಂಖ್ಯೆ ಎರಡು ಕಡೆ ಏರಬೇಕು: ಸಿಸ್‌ವಾಲ್‌ನ ಜಿಪಿಟಿ ಡಾಟ್ ಐಎನ್‌ಐ ಫೈಲಿನಲ್ಲಿ ಮತ್ತು ಆಕ್ಟಿವ್ ಡೈರೆಕ್ಟರಿಯ (ಡೊಮೇನಿನ ಮಾಹಿತಿ ಕೋಶದ) ಜಿಪಿಒ ಆಬ್ಜೆಕ್ಟ್‌ನಲ್ಲಿ. ಕಂಪ್ಯೂಟರ್ ಭಾಗಕ್ಕೆ 1 ಕೂಡಿಸಬೇಕು. 65536 ಕೂಡಿಸಿದರೆ ಯೂಸರ್ ಭಾಗ ಏರುತ್ತದೆ. ಸ್ಕ್ರಿಪ್ಟ್‌ನಿಂದ ಹೊಸದಾಗಿ ಮಾಡಿದ ಜಿಪಿಒ ಆದರೆ ಇನ್ನೊಂದು ಪೇಚು. ಯಾವ ಬಗೆಯ ಸೆಟ್ಟಿಂಗ್ ಓದಬೇಕೆಂದು ಮಷಿನ್‌ಗೆ ಹೇಳುವ ಅದರ ಮಷಿನ್ ಎಕ್ಸ್‌ಟೆನ್ಷನ್ ಪಟ್ಟಿ ಖಾಲಿ ಇರುತ್ತದೆ. 827ರಿಂದ ಶುರುವಾಗುವ ಮತ್ತು 803ರಿಂದ ಶುರುವಾಗುವ ಜಿಯುಐಡಿ (ಉದ್ದನೆಯ ಗುರುತು ಸಂಖ್ಯೆ) ಜೋಡಿ ಅಲ್ಲಿ ಇರದಿದ್ದರೆ ಮಷಿನ್ ನಿಮ್ಮ ಫೈಲನ್ನು ಮುಟ್ಟುವುದೇ ಇಲ್ಲ. ಇದೊಂದಕ್ಕೆ ನನ್ನ ಎರಡು ವಾರ ಹೋದವು.

ಗದಗದಲ್ಲಿ ಬೇರೆ ತೊಂದರೆ. ಆವೃತ್ತಿ ಏರಿತ್ತು, ಜೋಡಿ ಇತ್ತು, ಆದರೂ ಇವೆಂಟ್ 1202 (ಸೆಕ್ಯೂರಿಟಿ ಪಾಲಿಸಿ ಹಚ್ಚುವಾಗ ತೊಂದರೆ), ವಿನ್‌ಲಾಗಾನ್ ಲಾಗ್‌ನಲ್ಲಿ 1332 (ಹೆಸರಿಗೆ ಹೊಂದುವ ಖಾತೆ ಸಿಗಲಿಲ್ಲ). ಗುಂಪಿನ ಹೆಸರು ಬರೆದಿದ್ದೆ. ಆ ಕಾಲೇಜಿನಲ್ಲಿ ಹಿಂದಿನವರು ಆ ಗುಂಪಿಗೆ ಬೇರೆ ಹೆಸರಿಟ್ಟಿದ್ದರು. ಈಗ ಹೆಸರು ಬರೆಯುವುದೇ ಇಲ್ಲ. ಸ್ಕ್ರಿಪ್ಟ್ ಮೊದಲು ಆಯಾ ಡೊಮೇನ್‌ನಲ್ಲಿ ಗುಂಪಿನ ಎಸ್‌ಐಡಿ (ಹೆಸರು ಬದಲಾದರೂ ಬದಲಾಗದ ಗುರುತು ಸಂಖ್ಯೆ) ಹುಡುಕಿ, ಅದರ ಮೊದಲು ನಕ್ಷತ್ರ ಚಿಹ್ನೆ ಹಾಕಿ ಅದನ್ನೇ ಬರೆಯುತ್ತದೆ.

ಎರಡು ಡೊಮೇನ್ ಕಂಟ್ರೋಲರ್ (ಡೊಮೇನ್ ನಡೆಸುವ ಸರ್ವರ್) ಇದ್ದಲ್ಲಿ ಫೈಲನ್ನೂ ಆಬ್ಜೆಕ್ಟನ್ನೂ ಒಂದೇ ಸರ್ವರಿನ ಮೇಲೆ ಬದಲಿಸಿ. ನಾನು ಪಿಡಿಸಿ ಎಮ್ಯುಲೇಟರ್, ಅಂದರೆ ಅವುಗಳಲ್ಲಿ ಮುಖ್ಯ ಪಾತ್ರದ ಸರ್ವರ್, ಹಿಡಿಯುತ್ತೇನೆ. ಫೈಲು, ಆಬ್ಜೆಕ್ಟ್ ಎರಡೂ ಬೇರೆ ಬೇರೆ ದಾರಿಯಲ್ಲಿ ನಕಲಾಗುವುದರಿಂದ ಒಂದು ಮುಂದೆ, ಒಂದು ಹಿಂದೆ ಆಗಿ ಸಂಖ್ಯೆ ಹೊಂದುವುದಿಲ್ಲ. ಸಂಜೆ ಹಕ್ಕು ಮರಳಿಸುವಾಗ ಸಾಲನ್ನು ಅಳಿಸುವುದಿಲ್ಲ, ಸಮ ಚಿಹ್ನೆಯ ನಂತರ ಖಾಲಿ ಬಿಡುತ್ತೇನೆ. ಮಧ್ಯದಲ್ಲಿ ಕರೆಂಟ್ ಹೋದರೆ ಅರ್ಧ ಬರೆದ ಫೈಲು ಉಳಿಯದಂತೆ ಒಂದು ಉಪಾಯ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ, ನನ್ನ ಹೊಟ್ಟೆಪಾಡು ಅದರ ಮೇಲಿದೆ.

ಸ್ಕ್ರಿಪ್ಟ್ ಕೈಗೆ ಕೂತ ಮೇಲೆ ಹುರುಪಿನಲ್ಲಿ ಎಲ್‌ಎಂ ಕಂಪ್ಯಾಟಿಬಿಲಿಟಿ ಲೆವೆಲ್ಲನ್ನೂ (ಹಳೆಯ ಲಾಗಿನ್ ವಿಧಾನಗಳನ್ನು ಎಷ್ಟು ಬಿಗಿಯಾಗಿ ತಡೆಯಬೇಕೆಂಬ ಮಟ್ಟ) 5ಕ್ಕೆ ಏರಿಸಿದೆ. ಅದೂ ಅದೇ ಫೈಲಿನಲ್ಲಿ ರಿಜಿಸ್ಟ್ರಿ ವ್ಯಾಲ್ಯೂಸ್ ಭಾಗದಲ್ಲಿ ಬರುತ್ತದೆ. ಮರುದಿನ ಆಫೀಸಿನ ಹಳೆಯ ಝೆರಾಕ್ಸ್ ಮಷಿನ್ ಸ್ಕ್ಯಾನ್ ಮಾಡಿದ್ದು ಸರ್ವರ್ ಫೋಲ್ಡರಿಗೆ ಬೀಳುವುದು ನಿಂತಿತು. ಅದಕ್ಕೆ ಎನ್‌ಟಿಎಲ್‌ಎಂ ಎಂಬ ಲಾಗಿನ್ ವಿಧಾನದ ಹಳೆಯ ಆವೃತ್ತಿ ಮಾತ್ರ ಗೊತ್ತಿತ್ತು. ಕ್ಲಾರ್ಕ್ ಒಬ್ಬರು ಎರಡು ದಿನ ಪೆನ್‌ಡ್ರೈವ್ ಹಿಡಿದು ಓಡಾಡಿದರು. ಆ ಸರ್ವರಿಗೆ ಮಾತ್ರ ಬೇರೆ ಜಿಪಿಒ ಮಾಡಿ 3ಕ್ಕೆ ಇಳಿಸಿದೆ. ಹೊಸ ಮಷಿನ್ ತರಿಸಿರಿ ಎಂದು ಅವತ್ತಿನಿಂದ ಹೇಳುತ್ತಲೇ ಇದ್ದೇನೆ.

ಲೆಕ್ಕ ಹೇಳುತ್ತೇನೆ. ಡೆಸ್ಕ್‌ಟಾಪ್, ಓಡಾಟ, ಊಟ ಸೇರಿ 22 ಸಾವಿರದ ಹತ್ತಿರ ಕೈಯಿಂದ ಹೋಗಿತ್ತು. 40 ಸಾವಿರ ಪೂರ್ತಿ ಬಂದಿದ್ದು ಎಂಟು ತಿಂಗಳಿಗೆ. ಈಗ ಕಾಲೇಜೊಂದಕ್ಕೆ ತಿಂಗಳಿಗೆ ಎರಡೂವರೆ ಸಾವಿರ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಸ್ಕ್ರಿಪ್ಟ್ ಪಟ್ಟಿ ಓದಿ ಬರೆಯುತ್ತದೆ, ಬೆಳಿಗ್ಗೆ ಮಷಿನ್ ಆನ್ ಆದಾಗ ಹೊಸ ಸಂಖ್ಯೆ ನೋಡಿ ತಾನೇ ಎತ್ತಿಕೊಳ್ಳುತ್ತದೆ. ಹೋದ ಹಂಗಾಮಿನಲ್ಲಿ ಇಪ್ಪತ್ತಾರೋ ಇಪ್ಪತ್ತೇಳೋ ಪರೀಕ್ಷೆಯ ದಿನಗಳು. ಒಂದು ದಿನವೂ ನಾನು ಮನೆ ಬಿಟ್ಟು ಏಳಲಿಲ್ಲ.